ಡೊಂಬಿವಲಿಯಿಂದ ಕಕ್ಷೆಯವರೆಗೆ: ಒಂದು ಓದಿನ ಖರ್ಚುಪಟ್ಟಿ

2024ರ ಡಿಸೆಂಬರ್ 30ರ ರಾತ್ರಿ 10 ಗಂಟೆಗೆ ಶ್ರೀಹರಿಕೋಟೆಯಿಂದ ಪಿಎಸ್‌ಎಲ್‌ವಿ-ಸಿ60 ಮೇಲೇರಿತು. ಮರುದಿನದ ಪತ್ರಿಕೆಗಳ ತುಂಬ ಅದು ಹೊತ್ತೊಯ್ದ ಸ್ಪೇಡೆಕ್ಸ್ ಜೋಡಿ ಉಪಗ್ರಹಗಳ ಸುದ್ದಿ. ನನ್ನ ಕಣ್ಣು ಹೋದದ್ದು ಆ ರಾಕೆಟ್ಟಿನ ನಾಲ್ಕನೇ ಹಂತದ ಕಡೆಗೆ. ಇಂಧನ ಮುಗಿದು ಕಸವಾಗಬೇಕಿದ್ದ ಈ ಹಂತವನ್ನು ಇಸ್ರೊ ಕೆಲವು ತಿಂಗಳ ಕಾಲ ತೇಲುವ ಪ್ರಯೋಗಶಾಲೆಯಾಗಿ ಬಳಸುತ್ತದೆ. ಪೊಯೆಮ್ ಎಂದು ಅದರ ಹೆಸರು. ಆ ಸಲದ ನಾಲ್ಕನೇ ಪೊಯೆಮ್ ಸುಮಾರು 350 ಕಿ.ಮೀ. ಎತ್ತರದಲ್ಲಿ 24 ಉಪಕರಣಗಳನ್ನು ಹೊತ್ತು ಸುತ್ತಿತು. 14 ಬಾಹ್ಯಾಕಾಶ ಇಲಾಖೆಯವು, 10 ಹೊರಗಿನವರವು.

ಆ 10ರಲ್ಲಿ ಒಂದು ನಮ್ಮ ಪನ್ವೇಲಿನದು. ಅಲ್ಲಿಯ ಅಮಿಟಿ ವಿಶ್ವವಿದ್ಯಾಲಯದವರು ಪಾಲಕ್ ಸೊಪ್ಪಿನ ಜೀವಕೋಶಗಳು ತೂಕವಿಲ್ಲದ ಸ್ಥಿತಿಯಲ್ಲಿ ಹೇಗೆ ಬೆಳೆಯುತ್ತವೆ ಎಂದು ನೋಡುವ ಪೆಟ್ಟಿಗೆ ಕಳಿಸಿದ್ದರು. ಇನ್ನೆರಡು ಕರ್ನಾಟಕದವು: ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಸೂಕ್ಷ್ಮಜೀವಿ ಪ್ರಯೋಗ, ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಕಾಲೇಜಿನ ಹ್ಯಾಮ್ ರೇಡಿಯೊ. ಪವಾಯಿಯ ಐಐಟಿಯಲ್ಲಿ ಹುಟ್ಟಿದ ಮನಸ್ತು ಸ್ಪೇಸ್ ಕಂಪನಿಯ ನೂಕುಯಂತ್ರವೂ ಅದೇ ಹಂತದಲ್ಲಿತ್ತು. ನಾವು ದಿನವೂ ಲೋಕಲ್ ಹತ್ತಿ ಇಳಿಯುವ ಊರುಗಳೂ ನಾವು ಬಿಟ್ಟು ಬಂದ ಊರುಗಳೂ ಒಂದೇ ರಾಕೆಟ್ಟಿನ ಮೇಲೆ ಕೂತು ಹೋಗಿದ್ದವು.

ಈ ಸುದ್ದಿಯನ್ನು ಡೊಂಬಿವಲಿ ಸ್ಟೇಷನ್ ಹತ್ತಿರ ಹೋಟೆಲು ನಡೆಸುವ, ಉಡುಪಿ ಕಡೆಯವರೊಬ್ಬರಿಗೆ ಹೇಳಿದೆ. ಅವರು ಗಲ್ಲಾದಿಂದ ಎದ್ದು ಬಂದು ಎದುರು ಕೂತರು.

“ಮಗಳಿಗೆ ಸ್ಯಾಟಲೈಟ್ ಮಾಡುವ ಎಂಜಿನಿಯರಿಂಗೇ ಬೇಕಂತೆ ಮಾರಾಯ್ರೆ. ಈಗ ಹನ್ನೊಂದನೇ ಕ್ಲಾಸು. ಒಟ್ಟು ಎಷ್ಟು ಬೀಳ್ತದೆ? ಬಾಯಿಮಾತು ಬೇಡ, ನನಗೆ ಲೆಕ್ಕ ಬೇಕು.”

“ಬರೆದೇ ಕೊಡ್ತೇನೆ ಅಣ್ಣ, ಎರಡು ದಿನ ಬಿಡಿ,” ಎಂದೆ.

ಇದು ಆ ಲೆಕ್ಕ. ಥಾಣೆ, ಕಲ್ಯಾಣ್, ಡೊಂಬಿವಲಿ, ನವಿಮುಂಬಯಿಯ ಇನ್ನೂ ಹಲವು ಮನೆಗಳಲ್ಲಿ ಇದೇ ಪ್ರಶ್ನೆ ಇದೆ ಎಂದು ಗೊತ್ತಿರುವುದರಿಂದ ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಇದು ಯಾವ ಓದು ಎನ್ನುವುದು ತಿಳಿಯಬೇಕು. ಇಲ್ಲವಾದರೆ ದುಡ್ಡು ಯಾತಕ್ಕೆ ಎಂದೇ ತಿಳಿಯುವುದಿಲ್ಲ. ಸ್ಪೇಸ್ ಸಿಸ್ಟಮ್ಸ್ ಎಂಜಿನಿಯರಿಂಗ್ ಎಂದರೆ ರಾಕೆಟ್ಟಿನ ಯಾವುದೋ ಒಂದು ಭಾಗದ ಪಾಂಡಿತ್ಯವಲ್ಲ. ಎಲ್ಲ ಭಾಗಗಳನ್ನೂ ಒಂದರ ಅನ್ನ ಇನ್ನೊಂದು ಕಸಿಯದಂತೆ ಒಟ್ಟಿಗೆ ಬಾಳಿಸುವ ವಿದ್ಯೆ. ದೊಡ್ಡ ಕ್ಯಾಮೆರಾ ಇಟ್ಟರೆ ಬ್ಯಾಟರಿಗೆ ಜಾಗವಿಲ್ಲ, ಬ್ಯಾಟರಿ ದೊಡ್ಡದು ಮಾಡಿದರೆ ತೂಕ ಮೀರಿತು, ತೂಕ ಇಳಿಸಲು ತಗಡು ತೆಳುವಾದರೆ ಉಡಾವಣೆಯ ಅದುರಿಗೆ ಬಿರುಕು. ಇದೆಲ್ಲವನ್ನೂ ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಿ ಹಂಚುವವನು, ಹಂಚುವವಳು, ಸಿಸ್ಟಮ್ಸ್ ಎಂಜಿನಿಯರ್. ಆ ಹಂಚಿಕೆಗೆ ಅವರ ಭಾಷೆಯಲ್ಲೂ ಬಜೆಟ್ ಎಂದೇ ಹೆಸರು: ತೂಕದ ಬಜೆಟ್, ವಿದ್ಯುತ್ತಿನ ಬಜೆಟ್, ಸಂಪರ್ಕದ ಬಜೆಟ್.

ತೂಕವನ್ನೇ ತೆಗೆದುಕೊಳ್ಳಿ. ಹಲವು ಉಪಗ್ರಹಗಳನ್ನು ಒಂದೇ ರಾಕೆಟ್ಟಿನಲ್ಲಿ ಒಯ್ಯುವ ಅಮೆರಿಕದ ಸ್ಪೇಸ್‌ಎಕ್ಸ್ ಈಚಿನ ವರ್ಷಗಳಲ್ಲಿ ಕಿಲೋಗೆ 6,000 ಡಾಲರಿಗೂ ಮೇಲೆ ಕೇಳುತ್ತದೆ. ಡಾಲರಿಗೆ 85 ರೂಪಾಯಿ ಹಿಡಿದರೆ ಕಿಲೋಗೆ 5.1 ಲಕ್ಷ, ಗ್ರಾಮಿಗೆ 510 ರೂಪಾಯಿ. 3 ಮಿಲಿಮೀಟರ್ ದಪ್ಪದ ಒಂದು ಸಣ್ಣ ಸ್ಟೀಲ್ ಸ್ಕ್ರೂ ಸುಮಾರು 1 ಗ್ರಾಂ ತೂಗುತ್ತದೆ. ಥಾಣೆಯ ವಾಗ್ಳೆ ಎಸ್ಟೇಟಿನ ಅಂಗಡಿಯಲ್ಲಿ ಚಿಲ್ಲರೆಗೆ ಸಿಗುವ ಆ ಸ್ಕ್ರೂವಿಗೆ ಕಕ್ಷೆಯ ಟಿಕೆಟ್ಟು 500 ರೂಪಾಯಿ.

ವಿದ್ಯುತ್ತು ಇನ್ನೂ ಬಿಗಿ. ವಿದ್ಯಾರ್ಥಿಗಳು ಹೆಚ್ಚಾಗಿ ಕಟ್ಟುವುದು ಕ್ಯೂಬ್‌ಸ್ಯಾಟ್, 10 ಸೆಂಟಿಮೀಟರಿನ ಘನ, ಅವಲಕ್ಕಿ ಡಬ್ಬಿಯಷ್ಟು. ಭೂಮಿಯ ದೂರದಲ್ಲಿ ಸೂರ್ಯ ಚದರ ಮೀಟರಿಗೆ 1,361 ವಾಟ್ ಕೊಡುತ್ತಾನೆ. ಡಬ್ಬಿಯ ಒಂದು ಮುಖ 0.01 ಚದರ ಮೀಟರ್, ಅಂದರೆ 13.6 ವಾಟ್. ಒಳ್ಳೆಯ ಸೌರಕೋಶ ಅದರಲ್ಲಿ ಶೇ 30 ಹಿಡಿದರೆ 4.1 ವಾಟ್. ಕಕ್ಷೆಯ ಒಂದು ಸುತ್ತಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಭೂಮಿಯ ನೆರಳು; ಸರಾಸರಿ ತೆಗೆದರೆ 2.6 ವಾಟ್. ನಮ್ಮ ಅಡುಗೆಮನೆಯ ಎಲ್‌ಇಡಿ ಬಲ್ಬು 9 ವಾಟಿನದು. ಅದರ ಮೂರನೇ ಒಂದು ಭಾಗದಷ್ಟೂ ಇಲ್ಲದ ಕರೆಂಟಿನಲ್ಲಿ ಕಂಪ್ಯೂಟರ್, ರೇಡಿಯೊ, ಪ್ರಯೋಗ ಎಲ್ಲವೂ ನಡೆಯಬೇಕು.

ಇನ್ನು ಸಂಪರ್ಕ. 350 ಕಿ.ಮೀ. ಎತ್ತರದಲ್ಲಿ ವಸ್ತು ಸೆಕೆಂಡಿಗೆ 7.7 ಕಿ.ಮೀ. ಓಡುತ್ತದೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ರೈಲುಹಾದಿ 48 ಕಿ.ಮೀ.; ಅಷ್ಟು ದೂರ ಅದಕ್ಕೆ 6 ಸೆಕೆಂಡು. ಒಂದು ಊರಿನ ನೆತ್ತಿಯ ಮೇಲೆ ಹಾದುಹೋಗುವಾಗ ಹೆಚ್ಚೆಂದರೆ 8 ನಿಮಿಷ ಮಾತಿಗೆ ಸಿಗುತ್ತದೆ. ಸೆಕೆಂಡಿಗೆ 9,600 ಬಿಟ್ ಕಳಿಸುವ ಸಾಮಾನ್ಯ ರೇಡಿಯೊ ಆ 8 ನಿಮಿಷದಲ್ಲಿ ಇಳಿಸುವುದು 576 ಕಿಲೋಬೈಟ್. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ದೊಡ್ಡದು.

ಈ ಓದಿನ ಅತ್ಯಂತ ಉಪಯುಕ್ತ ಪಾಠ ಇನ್ನೊಂದಿದೆ, ಮಾರ್ಜಿನ್. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ರೂಢಿಯ ಪ್ರಕಾರ, ಈಗಾಗಲೇ ಹಾರಿ ಪರೀಕ್ಷೆಯಾದ ಭಾಗದ ತೂಕಕ್ಕೆ ಶೇ 5, ಸ್ವಲ್ಪ ತಿದ್ದಿ ಬಳಸುವ ಭಾಗಕ್ಕೆ ಶೇ 10, ಹೊಸದಾಗಿ ಮಾಡುವ ಭಾಗಕ್ಕೆ ಶೇ 20 ಮೊದಲೇ ಸೇರಿಸುತ್ತಾರೆ. ಎಲ್ಲ ಕೂಡಿಸಿದ ಮೇಲೆ ಒಟ್ಟು ಮೊತ್ತಕ್ಕೆ ಮತ್ತೆ ಶೇ 20. ಇದು ಅಳುಕಿನ ಲೆಕ್ಕವಲ್ಲ. ಗೊತ್ತಿಲ್ಲದ್ದು ಎಷ್ಟಿದೆ ಎನ್ನುವುದನ್ನು ಒಪ್ಪಿಕೊಂಡು ಅದಕ್ಕೂ ಜಾಗ ಬಿಡುವುದು. ಉಪಗ್ರಹ ಕಟ್ಟುವವರ ಈ ಕ್ರಮವನ್ನೇ ನಾನು ಮನೆಯ ಖರ್ಚಿಗೂ ಹಾಕಿದ್ದೇನೆ. ಕಾಲೇಜಿನ ಶುಲ್ಕ ಬರೆದಿಟ್ಟದ್ದು, ಅದಕ್ಕೆ ಶೇ 5. ಊಟ-ಬಾಡಿಗೆ ಅಂದಾಜಿನದು, ಶೇ 10. ಲ್ಯಾಪ್‌ಟಾಪು, ವೀಸಾ, ವಿಮಾನ ಇಂಥ ಮೊದಲ ಸಲದ ಖರ್ಚಿಗೆ ಶೇ 20. ಕೊನೆಗೆ ಎಲ್ಲದರ ಮೇಲೆ ಶೇ 20.

ಮೊದಲ ದಾರಿ ಎಲ್ಲರ ಬಾಯಲ್ಲಿರುವ ಐಐಟಿ. ನಮ್ಮವರಿಗೆ ಅದು ದೂರದ ಊರಲ್ಲ. ಕಾಂಜುರ್‌ಮಾರ್ಗದಲ್ಲಿ ಇಳಿದರೆ ಪವಾಯಿ. ಅಲ್ಲಿ ಏರೋಸ್ಪೇಸ್ ವಿಭಾಗವಿದೆ. ಬಿ.ಟೆಕ್ ಬೋಧನಾ ಶುಲ್ಕ ಸೆಮಿಸ್ಟರಿಗೆ 1 ಲಕ್ಷ, 4 ವರ್ಷಕ್ಕೆ 8 ಲಕ್ಷ. ಕುಟುಂಬದ ವಾರ್ಷಿಕ ಆದಾಯ 1 ಲಕ್ಷದೊಳಗಿದ್ದರೆ ಪೂರ್ತಿ ಮಾಫಿ. 1ರಿಂದ 5 ಲಕ್ಷದೊಳಗಿದ್ದರೆ ಮೂರನೇ ಎರಡು ಭಾಗ ಮಾಫಿ, ಆಗ ಕಟ್ಟುವುದು 2.67 ಲಕ್ಷ. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಬೋಧನಾ ಶುಲ್ಕವಿಲ್ಲ. ಹಾಸ್ಟೆಲು, ಊಟ, ಉಳಿದದ್ದು ವರ್ಷಕ್ಕೆ 1 ಲಕ್ಷ ಎಂದಿಟ್ಟುಕೊಂಡರೆ ಪೂರ್ತಿ ಶುಲ್ಕ ಕಟ್ಟುವ ಮನೆಗೆ 12 ಲಕ್ಷ. ಮಾರ್ಜಿನ್ ಹಾಕಿದರೆ 15 ಲಕ್ಷದ ಹೊಸ್ತಿಲು.

ಹಣಕ್ಕಿಂತ ಇಲ್ಲಿ ಬಿಗಿಯಾದದ್ದು ಸೀಟು. 2025ರಲ್ಲಿ ಐಐಟಿ ಪ್ರವೇಶದ ಮೊದಲ ಪರೀಕ್ಷೆ ಜೆಇಇ ಮೇನ್ ಬರೆದವರು ಸುಮಾರು 14.75 ಲಕ್ಷ. ಎರಡನೇ ಪರೀಕ್ಷೆ ಅಡ್ವಾನ್ಸ್‌ಡ್‌ನ ಎರಡೂ ಪತ್ರಿಕೆ ಬರೆದವರು 1,80,422. ಎಲ್ಲ ಐಐಟಿಗಳ ಎಲ್ಲ ವಿಭಾಗ ಸೇರಿ ಸೀಟು 18,160. ಮೇನ್ ಬರೆದ 81 ಮಕ್ಕಳಿಗೆ ಒಂದು ಸೀಟು. ಏರೋಸ್ಪೇಸಿನದು ಅದರೊಳಗೊಂದು ಚೂರು. ಅರ್ಜಿಯ ಖರ್ಚು ಹೆಣ್ಣುಮಕ್ಕಳಿಗೆ ಮೇನ್‌ಗೆ 800, ಅಡ್ವಾನ್ಸ್‌ಡ್‌ಗೆ 1,600 ರೂಪಾಯಿ. ಅದು ದೊಡ್ಡದಲ್ಲ. ಎರಡು ವರ್ಷದ ಕೋಚಿಂಗ್ ಲಕ್ಷಗಳಲ್ಲಿ ನಡೆಯುತ್ತದೆ, ಅದು ದೊಡ್ಡದು. ಓದುವ ಮಗು ಪ್ರಯತ್ನ ಮಾಡಲೇಬೇಕು. ಆದರೆ 81ರಲ್ಲಿ ಉಳಿದ 80ಕ್ಕೆ ಆಕಾಶದ ಬಾಗಿಲು ಮುಚ್ಚಿತು ಎಂದು ಮನೆಯಲ್ಲಿ ಯಾರೂ ಹೇಳಬಾರದು. ಅದು ಸುಳ್ಳು.

ತಿರುವನಂತಪುರದ ವಲಿಯಮಲದಲ್ಲಿರುವ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೂ ಅಡ್ವಾನ್ಸ್‌ಡ್ ದಾಟಿಯೇ ಹೋಗಬೇಕು. 2007ರ ಸೆಪ್ಟೆಂಬರ್ 14ರಂದು ಶುರುವಾದ ಈ ಸಂಸ್ಥೆಯ ಮೊದಲ ನಿರ್ದೇಶಕರು ಚಿಕ್ಕಮಗಳೂರು ಜಿಲ್ಲೆಯ ಬಿ.ಎನ್. ಸುರೇಶ್. ಆರಂಭದ ವರ್ಷಗಳಲ್ಲಿ ಮಕ್ಕಳ ಓದಿನ ಖರ್ಚನ್ನು ಬಾಹ್ಯಾಕಾಶ ಇಲಾಖೆಯೇ ಹೊತ್ತಿತ್ತು.

ಎರಡನೇ ದಾರಿಗೆ ಹೆಚ್ಚು ಜಾಗ ಕೊಡುತ್ತೇನೆ. ನಮ್ಮ ಮನೆಗಳ ಬಹುಪಾಲು ಮಕ್ಕಳು ನಡೆಯುವುದು ಇಲ್ಲಿ.

2025ರಲ್ಲಿ ಇಸ್ರೊ ವಿಜ್ಞಾನಿ-ಎಂಜಿನಿಯರ್ ಹುದ್ದೆಗೆ ಗೇಟ್ (ಎಂ.ಟೆಕ್ ಪ್ರವೇಶಕ್ಕೂ ಬೇಕಾಗುವ ಪರೀಕ್ಷೆ) ಅಂಕಗಳ ಮೇಲೆ 63 ಜನರನ್ನು ಕರೆಯಿತು. ಮೆಕ್ಯಾನಿಕಲ್ 33, ಎಲೆಕ್ಟ್ರಾನಿಕ್ಸ್ 22, ಕಂಪ್ಯೂಟರ್ ಸೈನ್ಸ್ 8. ಮೂರೂ ಸಾಮಾನ್ಯ ಶಾಖೆಗಳೇ. ಏರೋಸ್ಪೇಸ್ ಎಂಬ ಹೆಸರಿನ ಡಿಗ್ರಿಯನ್ನೇ ಕೇಳಿದ ಹುದ್ದೆ ಅದರಲ್ಲಿಲ್ಲ. ಕೇಳಿದ್ದು ಬಿ.ಇ.ಯಲ್ಲಿ ಶೇ 65 ಅಥವಾ 10ಕ್ಕೆ 6.84. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಮೂರೂ ಐರೋಲಿಯಲ್ಲಿವೆ, ನೆರೂಲಿನಲ್ಲಿವೆ, ವಾಶಿಯಲ್ಲಿವೆ, ಥಾಣೆಯಲ್ಲಿವೆ. ಹಾಗಾಗಿ ಬಿ.ಇ. ಹಂತದಲ್ಲಿ ಬರೀ ಹೆಸರಿಗಾಗಿ ದೂರದ ಖಾಸಗಿ ಕಾಲೇಜಿನಲ್ಲಿ ದುಪ್ಪಟ್ಟು ಶುಲ್ಕ ಕೊಟ್ಟು ಏರೋಸ್ಪೇಸ್ ಸೇರಿಸಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬುಡ ಗಟ್ಟಿಯಾದ ಮೆಕ್ಯಾನಿಕಲ್ಲೋ ಎಲೆಕ್ಟ್ರಾನಿಕ್ಸೋ ಓದಿ, ಆಮೇಲೆ ಎಂ.ಟೆಕ್‌ನಲ್ಲಿ ಬಾಹ್ಯಾಕಾಶಕ್ಕೆ ತಿರುಗುವುದು ಕಡಿಮೆ ಖರ್ಚಿನ ದಾರಿ, ಗಟ್ಟಿ ದಾರಿಯೂ ಹೌದು. ಉಪಗ್ರಹದ ಕೆಲಸ ಸಿಗದೆ ಹೋದರೂ ಆ ಡಿಗ್ರಿ ಅನ್ನ ಕೊಡುತ್ತದೆ.

ಶುಲ್ಕ ಕಾಲೇಜಿನಿಂದ ಕಾಲೇಜಿಗೆ ಬೇರೆ. ಲೆಕ್ಕಕ್ಕೆ ವರ್ಷಕ್ಕೆ 1.5 ಲಕ್ಷ ಹಿಡಿಯೋಣ, 4 ವರ್ಷಕ್ಕೆ 6 ಲಕ್ಷ. ಇಲ್ಲಿ ಹೆಣ್ಣುಮಕ್ಕಳ ತಂದೆತಾಯಿ ಗಮನಿಸಬೇಕಾದ ಒಂದು ಸಂಗತಿಯಿದೆ. 2024ರ ಜುಲೈನ ಮಹಾರಾಷ್ಟ್ರ ಸರ್ಕಾರದ ಆದೇಶದಂತೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರುವ ಇತರ ಹಿಂದುಳಿದ ವರ್ಗ, ಸಾಮಾಜಿಕ-ಶೈಕ್ಷಣಿಕವಾಗಿ ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲ ವರ್ಗದ ಹುಡುಗಿಯರಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಸರ್ಕಾರದ ಕೇಂದ್ರೀಕೃತ ಪ್ರವೇಶದ ಮೂಲಕವೇ ಸೀಟು ಪಡೆದಿರಬೇಕು. ಮ್ಯಾನೇಜ್‌ಮೆಂಟ್ ಸೀಟಿಗೆ ಇದಿಲ್ಲ. ಎರಡು-ಮೂರು ತಲೆಮಾರಿನಿಂದ ಇಲ್ಲೇ ಇದ್ದರೂ ಡೊಮಿಸೈಲ್, ಜಾತಿ, ಆದಾಯದ ಕಾಗದಗಳನ್ನು ಮಾಡಿಸದೆ ಕೂತ ಕನ್ನಡ ಮನೆಗಳನ್ನು ನಾನು ಬಲ್ಲೆ. ಹನ್ನೆರಡನೇ ಕ್ಲಾಸಿನ ಫಲಿತಾಂಶ ಬಂದ ಮೇಲೆ ತಹಶೀಲ್ದಾರ ಕಚೇರಿಗೆ ಓಡಿದರೆ ಹೊತ್ತು ಮೀರಿರುತ್ತದೆ. ಹನ್ನೊಂದರಲ್ಲೇ ಮಾಡಿಸಿ. ಆ ಕಾಗದಗಳ ಬೆಲೆ 6 ಲಕ್ಷದವರೆಗೂ ಹೋಗಬಹುದು.

ಇನ್ನು ಯಾರೂ ಪಟ್ಟಿಯಲ್ಲಿ ಬರೆಯದ ಖರ್ಚು, ಪ್ರಯಾಣ. ಸೆಕೆಂಡ್ ಕ್ಲಾಸ್ ಪಾಸಿಗೆ ತಿಂಗಳಿಗೆ ಕೆಲವೇ ನೂರು ರೂಪಾಯಿ, ಆದ್ದರಿಂದ ಅದು ಅಗ್ಗ ಎಂದುಕೊಳ್ಳುತ್ತೇವೆ. ಡೊಂಬಿವಲಿಯ ಮನೆಯಿಂದ ಥಾಣೆಯಲ್ಲಿ ಗಾಡಿ ಬದಲಿಸಿ ಟ್ರಾನ್ಸ್-ಹಾರ್ಬರ್ ಹಿಡಿದು ನೆರೂಲಿನ ಕ್ಲಾಸಿಗೆ ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಹೋಗಿ ಬರಲು 3. ವರ್ಷಕ್ಕೆ 180 ದಿನ, 540 ಗಂಟೆ. 4 ವರ್ಷಕ್ಕೆ 2,160 ಗಂಟೆ. ದಿನಕ್ಕೆ 8 ಗಂಟೆಯ ಕೆಲಸವೆಂದರೆ 270 ದಿನ. ಗೇಟ್ ಪರೀಕ್ಷೆಗೆ ಒಂದು ವರ್ಷ ದಿನಕ್ಕೆ 2 ಗಂಟೆ ಓದಿದರೆ ಆಗುವುದು 730 ಗಂಟೆ. ಹೆಚ್ಚುಕಡಿಮೆ ಅಂಥ ಮೂರು ಗೇಟ್ ಓದುಗಳಷ್ಟು ಹೊತ್ತು ದಿವಾದ ತಿರುವಿನಲ್ಲಿ, ಮುಂಬ್ರಾದ ಸುರಂಗದಲ್ಲಿ, ಬಾಗಿಲ ಸರಳಿಗೆ ಜೋತು ಹೋಗುತ್ತದೆ. ಡೊಂಬಿವಲಿ ಗಾಡಿಯಲ್ಲಿ ಪುಸ್ತಕ ಬಿಡಿಸಲಿಕ್ಕೆ ಎರಡು ಕೈ ಬಿಡುವು ಇರುವುದಿಲ್ಲ ಎನ್ನುವುದು ಹತ್ತಿದವರಿಗೆಲ್ಲ ಗೊತ್ತು.

ಕಾಲೇಜಿನ ಹತ್ತಿರ ಹಾಸ್ಟೆಲಿಗೋ ಹಂಚಿಕೊಂಡ ಖೋಲಿಗೋ ತಿಂಗಳಿಗೆ 9,000ದಂತೆ 10 ತಿಂಗಳಿಗೆ 90,000 ಆದರೆ, ಉಳಿಯುವ 540 ಗಂಟೆಗೆ ಭಾಗಿಸಿದಾಗ ಗಂಟೆಗೆ 167 ರೂಪಾಯಿ. ಮೊದಲ ಎರಡು ವರ್ಷ ಮನೆಯಿಂದಲೇ ಹೋಗಲಿ. ಪ್ರಾಜೆಕ್ಟು ಮತ್ತು ಗೇಟ್ ಬರುವ ಕೊನೆಯ ಎರಡು ವರ್ಷ ಕಾಲೇಜಿನ ಹತ್ತಿರ ಇರಲಿ. ಖರ್ಚು 1.8 ಲಕ್ಷ, ಸಿಗುವುದು 1,080 ಗಂಟೆ. ಈ ಪಟ್ಟಿಯಲ್ಲಿ ಇಷ್ಟು ಲಾಭದ ವ್ಯಾಪಾರ ಇನ್ನೊಂದಿಲ್ಲ.

ಈಗ ಕೂಡಿಸೋಣ. ಶುಲ್ಕ 6 ಲಕ್ಷ, ಖೋಲಿ 1.8 ಲಕ್ಷ, ಲ್ಯಾಪ್‌ಟಾಪು-ಪುಸ್ತಕ-ಪ್ರಾಜೆಕ್ಟಿನ ಸಾಮಾನು 1 ಲಕ್ಷ, ಒಟ್ಟು 8.8 ಲಕ್ಷ. ಒಂದೊಂದಕ್ಕೂ ಅದರದರ ಮಾರ್ಜಿನ್ ಸೇರಿಸಿದರೆ 9.48, ಒಟ್ಟಿನ ಮೇಲೆ ಶೇ 20 ಏರಿಸಿದರೆ 11.4 ಲಕ್ಷ. ಮಗಳಿಗೆ ಶುಲ್ಕ ಮಾಫಿ ಸಿಕ್ಕರೆ ಇದು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಅಲ್ಲಿಂದ ಮುಂದೆ ಹಣ ಮನೆಯ ಕಡೆಗೂ ಹರಿಯಲು ಶುರುವಾಗುತ್ತದೆ. ಗೇಟ್ ದಾಟಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ, 24 ತಿಂಗಳಿಗೆ 2,97,600. ಪವಾಯಿಯ ಏರೋಸ್ಪೇಸ್ ಎಂ.ಟೆಕ್‌ನಲ್ಲಿ ವಾಯುಚಲನೆ, ನಿಯಂತ್ರಣ, ನೂಕುಬಲ, ರಚನೆ ಎಂದು ನಾಲ್ಕು ಶಾಖೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಭಾಗ 1942ರಷ್ಟು ಹಳೆಯದು. ಪಿಎಚ್.ಡಿ.ಗೆ ಮುಂದುವರಿದರೆ 2023ರ ಜನವರಿಯಿಂದ ಜಾರಿಯಾದ ದರದಲ್ಲಿ ಮೊದಲ 2 ವರ್ಷ ತಿಂಗಳಿಗೆ 37,000, ಆಮೇಲೆ 42,000. 5 ವರ್ಷಕ್ಕೆ ಕೂಡಿಸಿದರೆ ಸರಿಯಾಗಿ 24 ಲಕ್ಷ.

ಕರ್ನಾಟಕದ ದಾರಿಯೂ ಇದೆ, ನಮ್ಮವರಿಗೆ ಅದು ಹೆಚ್ಚು ಗೊತ್ತಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹೊರನಾಡ ಕನ್ನಡಿಗರು, ಗಡಿನಾಡ ಕನ್ನಡಿಗರು ಎಂಬ ಅರ್ಹತೆಯ ವಿಭಾಗಗಳನ್ನು ಇಟ್ಟಿದೆ, ಅದಕ್ಕಾಗಿ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಮನೆಯಲ್ಲಿ ಕನ್ನಡವೋ ತುಳುವೋ ಆಡುತ್ತ, ಕನ್ನಡ ಓದಲು ಬರೆಯಲು ಬಾರದ ಮಗು ಅಲ್ಲಿ ಸಿಕ್ಕಿಬೀಳುತ್ತದೆ. ಪೊಯೆಮ್‌ನಲ್ಲಿ ಹಾರಿದ ಆರ್.ವಿ. ಕಾಲೇಜಿನಲ್ಲಿ ಏರೋಸ್ಪೇಸ್ ವಿಭಾಗವೇ ಇದೆ. ಡೊಂಬಿವಲಿಯಲ್ಲಿ ಕನ್ನಡ ಅಕ್ಷರ ಕಲಿಸುವುದಕ್ಕೆ ಇಂಥ ಕಾರಣವೂ ಒಂದಿದೆ ಎಂದು ನಾವು ಮಕ್ಕಳಿಗೆ ಹೇಳಿದ್ದೇ ಕಡಿಮೆ.

ವಿದೇಶದ ಲೆಕ್ಕ ಕೇಳುವವರೂ ಇದ್ದಾರೆ. ಬಿ.ಇ. ಆದ ಮೇಲೆ ಜರ್ಮನಿಯಲ್ಲಿ ಎರಡು ವರ್ಷದ ಮಾಸ್ಟರ್ಸ್ ತೆಗೆದುಕೊಳ್ಳೋಣ. ವೀಸಾಕ್ಕೆ ಮೊದಲು ಬ್ಯಾಂಕಿನಲ್ಲಿ ತೋರಿಸಬೇಕಾದ ವರ್ಷದ ಜೀವನವೆಚ್ಚ 11,904 ಯುರೋ. ಯುರೋಗೆ 100 ರೂಪಾಯಿ ಹಿಡಿದರೆ ಎರಡು ವರ್ಷಕ್ಕೆ 23.8 ಲಕ್ಷ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಹೊರದೇಶದವರ ಶುಲ್ಕ ಸೆಮಿಸ್ಟರಿಗೆ 1,500 ಯುರೋ, 4 ಸೆಮಿಸ್ಟರಿಗೆ 6 ಲಕ್ಷ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸೆಮಿಸ್ಟರಿಗೆ 4,000ದಿಂದ 6,000 ಯುರೋ, ಅಂದರೆ ಒಟ್ಟು 16ರಿಂದ 24 ಲಕ್ಷ. ಅಗ್ಗದ ಸ್ಟುಟ್‌ಗಾರ್ಟನ್ನೇ ಹಿಡಿದು ವಿಮಾನ-ವೀಸಾ 1.5 ಲಕ್ಷ ಸೇರಿಸಿದರೂ 31.3 ಲಕ್ಷ, ಮಾರ್ಜಿನ್‌ಗಳೊಂದಿಗೆ 41 ಲಕ್ಷ. ಈ ಮಾರ್ಜಿನ್ ಅತಿಯಾಯಿತು ಎಂದು ತೋರಬಹುದು. ಹತ್ತು ವರ್ಷದ ಹಿಂದೆ ಯುರೋಗೆ 70-75 ರೂಪಾಯಿ ಇತ್ತು ಎನ್ನುವುದು ನೆನಪಿರಲಿ. ಅಲ್ಲಿ ಓದುತ್ತ ದುಡಿಯಲು ಅವಕಾಶವಿದೆ, ಅದು ನಿಜ. ಆದರೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಕಾಯಂ ನೌಕರಿಗೆ ಸಾಮಾನ್ಯವಾಗಿ ತನ್ನ ಸದಸ್ಯ ದೇಶಗಳವರನ್ನೇ ತೆಗೆದುಕೊಳ್ಳುತ್ತದೆ. ಅಮೆರಿಕದಲ್ಲಿ ರಾಕೆಟ್, ಉಪಗ್ರಹ ಕಂಪನಿಗಳ ಹೆಚ್ಚಿನ ಕೆಲಸ ಶಸ್ತ್ರಾಸ್ತ್ರ ರಫ್ತು ನಿಯಮದೊಳಗೆ ಬರುವುದರಿಂದ ಪೌರರೋ ಗ್ರೀನ್ ಕಾರ್ಡಿನವರೋ ಆಗಿರಬೇಕು. ಕೋರ್ಸಿನ ಜಾಹೀರಾತು ಇದನ್ನು ಹೇಳುವುದಿಲ್ಲ.

ಸಾಲ ಮಾಡಿದರೆ? ಶೇ 10ರ ಬಡ್ಡಿ, 10 ವರ್ಷದ ಅವಧಿ: 8 ಲಕ್ಷಕ್ಕೆ ತಿಂಗಳ ಕಂತು 10,572 ರೂಪಾಯಿ. 41 ಲಕ್ಷಕ್ಕೆ 54,000 ದಾಟುತ್ತದೆ. ಇಸ್ರೊ ಎಂಜಿನಿಯರಿನ ಆರಂಭದ ಮೂಲವೇತನ 56,100; 2025ರ ಕೊನೆಯಲ್ಲಿದ್ದ ಶೇ 58ರ ತುಟ್ಟಿಭತ್ಯೆ ಸೇರಿಸಿದರೆ 88,638. ಮೊದಲ ಸಾಲವನ್ನು ಈ ಸಂಬಳ ನಗುನಗುತ್ತ ಹೊರುತ್ತದೆ. ಎರಡನೆಯದನ್ನು ಹೊತ್ತವರು ದೇಶದ ಕೆಲಸಕ್ಕೆ ಮರಳಿ ಬರಬೇಕೆಂದರೂ ಬರಲಾರರು. ದೇಶದೊಳಗಿನ ಓದಿಗೆ 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಿದೆ: ಆಯ್ದ ಸಂಸ್ಥೆಗಳ ಪಟ್ಟಿಗೆ (ಶುರುವಿನಲ್ಲಿ 860) ಅಡಮಾನವಿಲ್ಲದ ಸಾಲ, ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ 3 ಬಡ್ಡಿ ರಿಯಾಯಿತಿ. ಮಗುವಿನ ಕಾಲೇಜು ಆ ಪಟ್ಟಿಯಲ್ಲಿ ಇದೆಯೇ ಎಂದು ಸೀಟು ಹಿಡಿಯುವ ಮೊದಲೇ ನೋಡಿ.

ಹಣದ ಲೆಕ್ಕ ಇಲ್ಲಿಗೆ ಮುಗಿಯಿತು. ವರ್ಷಗಳ ಲೆಕ್ಕ ಉಳಿದಿದೆ.

ಪವಾಯಿಯ ವಿದ್ಯಾರ್ಥಿಗಳು ‘ಪ್ರಥಮ್’ ಉಪಗ್ರಹದ ಕೆಲಸ ಶುರುಮಾಡಿದ್ದು 2007ರಲ್ಲಿ. ಹಾರಿದ್ದು 2016ರ ಸೆಪ್ಟೆಂಬರ್ 26ರಂದು, ಪಿಎಸ್‌ಎಲ್‌ವಿ-ಸಿ35ರಲ್ಲಿ. 10 ಕಿಲೋ ತೂಕಕ್ಕೆ 9 ವರ್ಷ. ಅದೇ ರಾಕೆಟ್ಟಿನಲ್ಲಿ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ 5.25 ಕಿಲೋದ ಪೈಸ್ಯಾಟ್ ಕೂಡ ಇತ್ತು. ಇದಕ್ಕೆ ಹೋಲಿಸಿ: ಅದಮಾರಿನ ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ 360 ಕಿಲೋದ ಆರ್ಯಭಟವನ್ನು ಕಟ್ಟಿತು. ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾದದ್ದು 1972ರ ಮೇ, ಹಾರಿದ್ದು 1975ರ ಏಪ್ರಿಲ್ 19. ಮೂರು ವರ್ಷವೂ ತುಂಬಿರಲಿಲ್ಲ.

ಪವಾಯಿಯ ಮಕ್ಕಳು ನಿಧಾನದವರು ಎಂದು ಇದರ ಅರ್ಥವಲ್ಲ. ಪೀಣ್ಯದಲ್ಲಿ ಕೆಲಸ ಮಾಡಿದವರು ಪೂರ್ಣಾವಧಿಯ ನೌಕರರು, ಮೊದಲ ದಿನ ಇದ್ದವರೇ ಕೊನೆಯ ದಿನವೂ ಇದ್ದರು. ಬಿ.ಟೆಕ್ ವಿದ್ಯಾರ್ಥಿ 4 ವರ್ಷಕ್ಕೆ ಗಂಟು ಕಟ್ಟಿ ಹೊರಡುತ್ತಾನೆ. 9 ವರ್ಷದಲ್ಲಿ ತಂಡ ಎರಡು ಸಲಕ್ಕೂ ಹೆಚ್ಚು ಪೂರ್ತಿ ಬದಲಾಗುತ್ತದೆ. ಯಾವ ತಂತಿ ಯಾಕೆ ಆ ದಿಕ್ಕಿಗೆ ತಿರುಗಿದೆ ಎಂದು ಹೋಗುವವರು ಬರುವವರಿಗೆ ಬರೆದಿಟ್ಟು ಹೋಗದಿದ್ದರೆ ಉಪಗ್ರಹ ಮೇಜಿನ ಮೇಲೇ ಸತ್ತುಹೋಗುತ್ತದೆ. ಸಿಸ್ಟಮ್ಸ್ ಎಂಜಿನಿಯರಿಂಗಿನ ನಿಜವಾದ ಪಾಠ ಇದು, ಇದಕ್ಕೆ ಶುಲ್ಕವಿಲ್ಲ. ಆದ್ದರಿಂದ ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಪ್ಲೇಸ್‌ಮೆಂಟ್ ಬೋರ್ಡು ನೋಡಬೇಡಿ. ನಿಮ್ಮ ವಿದ್ಯಾರ್ಥಿಗಳು ಈವರೆಗೆ ಏನು ಹಾರಿಸಿದ್ದಾರೆ, ಹಿಂದಿನ ಬ್ಯಾಚು ಬಿಟ್ಟುಹೋದ ಪುಸ್ತಕ ತೋರಿಸಿ ಎಂದು ಕೇಳಿ. ಒಂದು ಬಲೂನು ಹಾರಿಸಿದವರಿದ್ದರೂ ಆಯಿತು.

ಎರಡು ದಿನದ ನಂತರ ಈ ಹಾಳೆಗಳನ್ನು ಹೋಟೆಲಿಗೆ ಒಯ್ದೆ. ಅವರು ಪ್ರತಿ ಸಾಲಿಗೂ ಬೆರಳಿಟ್ಟು ಓದಿ, 2,160 ಗಂಟೆಯ ಸಾಲಿನಲ್ಲಿ ನಿಂತರು.

“ಇದು ನನಗೆ ಹೊಳೀಲೇ ಇಲ್ಲ ನೋಡಿ. ನಾನು ಮೂವತ್ತು ವರ್ಷ ಈ ಗಾಡಿಯಲ್ಲಿ ಹೋಗಿ ಬಂದವ.”

ಅವರ ಆ ಮಾತಿನ ಮೇಲೆಯೇ ನಮ್ಮ ಸಂಘಗಳಿಗೆ ಒಂದು ವಿನಂತಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಕನ್ನಡಿಗರಿಂದ ಬೆಳೆದ ಊರು ಮುಂಬಯಿ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿ ನಡೆಸುತ್ತಿದೆ. ಕಲ್ಯಾಣ್, ಥಾಣೆ, ನವಿಮುಂಬಯಿಯಲ್ಲೂ ಸಂಘಗಳಿವೆ, ಸಭಾಂಗಣಗಳಿವೆ. ವರ್ಷಕ್ಕೆ 10 ಮಕ್ಕಳನ್ನು ಹಿಡಿಯೋಣ. ಗೇಟ್ ಅರ್ಜಿಗೆ ತಲಾ 2,000, ಹುಡುಗಿಯರಿಗೆ ಅದರ ಅರ್ಧ, ಹೆಚ್ಚೆಂದರೆ 20,000. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ 1,000. ಒಬ್ಬೊಬ್ಬರಿಗೆ ನಾಲ್ಕರಂತೆ 40,000. ಹವಾಮಾನ ಉಪಗ್ರಹದ 137 ಮೆಗಾಹರ್ಟ್ಸ್ ಸಂಕೇತ ಹಿಡಿದು ಮೋಡದ ಚಿತ್ರ ಇಳಿಸುವ ಸಣ್ಣ ಯುಎಸ್‌ಬಿ ರಿಸೀವರಿಗೆ 4,000ದ ಆಸುಪಾಸು, ಆಂಟೆನಾಕ್ಕೆ ಅರ್ಧ ಮೀಟರಿಗಿಂತ ಸ್ವಲ್ಪ ಉದ್ದದ ಎರಡು ಅಲ್ಯೂಮಿನಿಯಂ ಸರಳು, 5,000 ಸಾಕು. ಕೂಡಿಸಿದರೆ 65,000 ರೂಪಾಯಿ.

ಇದರ ಜೊತೆಗೆ ಬೇಕಾದದ್ದು ಸಂಜೆ 7ರಿಂದ 10ರವರೆಗೆ ಒಂದು ಕೋಣೆಯ ಬೀಗದಕೈ. ಒಂದೇ ಖೋಲಿಯಲ್ಲಿ ಐದು ಜನ, ಟಿವಿ, ಕುಕ್ಕರಿನ ಸೀಟಿ, ಇವುಗಳ ನಡುವೆ ಕೂತ ಮಗುವಿಗೆ ಆ ಮೂರು ಗಂಟೆ ಬೇರೆಲ್ಲೂ ಸಿಗುವುದಿಲ್ಲ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಯಾರಾದರೂ ಒಬ್ಬರು ಈ 65,000ವನ್ನೂ ಆ ಬೀಗದಕೈಯನ್ನೂ ಕೇಳಿ. ಕೇಳುವವರ ಜೊತೆ ಬಂದು ನಿಲ್ಲಲು ನಾನು ಸಿದ್ಧ.